ಚಕ್ಲಿಯನ್ನು ಹೊಡೆಯಲು ಅನುಮತಿ ಕೇಳಿದವರು

ಕೆಳಗಿನ ಅಂಗಡಿಯ ಸೆಂಟರ್ ಅಣ್ಣನ ನೆತ್ತಿಯ ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ಕೂದಲಿನಲ್ಲಿ ಒಂದು ತಗ್ಗು ಬಿದ್ದಿತ್ತು. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿ ಹಾಕಿ ಆದದ್ದು. ಎಣ್ಣೆ ಹಚ್ಚಿ ಬಾಚಿದರೂ ಅದು ಹೋಗುತ್ತಿರಲಿಲ್ಲ. ನಾನು ಅವರನ್ನು ಮೊದಲ ಮಹಡಿಯ ಬಾಲ್ಕನಿಯಿಂದ ನೋಡುತ್ತಿದ್ದದ್ದೇ ಹೆಚ್ಚು. ಹಾಗಾಗಿ ಅವರ ಮುಖಕ್ಕಿಂತ ಆ ತಗ್ಗೇ ನನಗೆ ಚೆನ್ನಾಗಿ ಪರಿಚಯ.

ಆ ಭಾನುವಾರ ಬೆಳಿಗ್ಗೆ ನಾನು ಕೊನೆಯದಾಗಿ ನೋಡಿದ್ದೂ ಅದನ್ನೇ. ಗೇಟಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ ತಂದು, ಹಾಲನ್ನು ಒಲೆಯ ಮೇಲಿಟ್ಟಿದ್ದೆ. ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಬಿಟ್ಟು, ಬಾಲ್ಕನಿಯಲ್ಲಿ ತುಳಸಿಯ ಒಣಗಿದ ಎಲೆ ಕೀಳುತ್ತಾ ನಿಂತಿದ್ದೆ. ಕೆಳಗೆ ಶಟರ್ ಅರ್ಧಕ್ಕೆ ಏರಿದ ಸದ್ದಾಯಿತು. ಗುಡಿಸಿ ಮುಗಿಯುವ ತನಕ ಅವರು ಅದನ್ನು ಪೂರ್ತಿ ಏರಿಸುತ್ತಿರಲಿಲ್ಲ. ಬಗ್ಗಿ ಒಳಗೆ ಹೋಗಿ, ಕೀಬೋರ್ಡುಗಳನ್ನು ಒಂದೊಂದಾಗಿ ಹೊರಗೆ ತಂದು, ತಲೆಕೆಳಗು ಮಾಡಿ ತಟ್ಟಿ, ಬಣ್ಣ ಬಳಿಯುವ ಬ್ರಷ್ಷಿನಿಂದ ಅದರ ಸಂದುಗಳಲ್ಲಿ ಸಿಕ್ಕಿಕೊಂಡ ಬಿಸ್ಕತ್ತಿನ ಪುಡಿ ಉದುರಿಸುತ್ತಿದ್ದರು. ಆ ಪುಡಿಗಾಗಿಯೇ ಎರಡು ಪಾರಿವಾಳ ಕಾಂಪೌಂಡಿನ ಮೇಲೆ ಕಾದು ಕೂತಿರುತ್ತಿದ್ದವು.

"ಅಕ್ಕ, ಕಾವೇರಿ ನೀರು ಬಂದಿದೆ. ಸಂಪಿನ ವಾಲ್ವ್ ತಿರುಗ್ಸಿದೀನಿ. ತುಂಬಿದ್ಮೇಲೆ ನೀವೇ ನಿಲ್ಲಿಸ್ಬಿಡಿ, ನಾನು ಮನೆಗೋಗಿ ಸ್ನಾನ ಮಾಡ್ಕೊಂಡು ಬರ್ತೀನಿ" ಎಂದರು.

"ಹುಡುಗ್ರು ಬರ್ತಾರಾ ಇವತ್ತು?"

"ಬರ್ದೆ ಇರ್ತಾರಾ? ಒಬ್ಬನಿಗೆ ಮಂಡಿ ನೋವಂತೆ, ಇನ್ನೊಬ್ಬನ ಮಗಳಿಗೆ ಪರೀಕ್ಷೆಯಂತೆ. ಆದ್ರೂ ಬರ್ತಾರೆ."

ಅವರು ಹುಡುಗರು ಎನ್ನುತ್ತಿದ್ದವರಿಗೆಲ್ಲ ಆಗಲೇ ನಲವತ್ತರ ಆಸುಪಾಸು. ಕೆಲವರಿಗೆ ತಲೆಯಲ್ಲಿ ಕೂದಲಿಲ್ಲ. ಸೆಂಟರ್ ಅಣ್ಣ ಸ್ಕೂಟರ್ ತಿರುಗಿಸಿಕೊಂಡು ಹೊರಟರು. ನನಗೆ ಅಡುಗೆಮನೆಯಲ್ಲಿ ಏನೋ ಕೆಲಸ ಹಿಡಿಯಿತು, ಸಂಪಿನ ನೆನಪು ಹೋಯಿತು. ನೀರು ತುಂಬಿ ಚೆಲ್ಲಿ ರಸ್ತೆಗೆ ಹರಿಯುತ್ತಿದ್ದಾಗ ಅವರ ಹೆಂಡತಿಯ ಫೋನ್ ಬಂತು. ಸ್ನಾನದ ಮನೆಯಿಂದ ಹೊರಗೆ ಬಂದವರು ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ.

ಬಸವೇಶ್ವರನಗರದ ನಮ್ಮ ಈ ಮನೆಯನ್ನು ಕಟ್ಟಿಸಿದವರು ನನ್ನ ಮಾವನವರು. ಕೆಳಗಿನ ಅಂಗಡಿಯ ಭಾಗವನ್ನು ಅವರಿದ್ದಾಗಲೇ ಸೆಂಟರ್ ಅಣ್ಣನಿಗೆ ಬಾಡಿಗೆಗೆ ಕೊಟ್ಟಿದ್ದರು. ನಾನು ಮದುವೆಯಾಗಿ ಬಂದಾಗ ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್. ದಿನವಿಡೀ ಟಕಟಕ ಸದ್ದು. ಆಮೇಲೆ ಸೈಬರ್ ಸೆಂಟರ್ ಆಯಿತು, ಜನ ಅವರನ್ನು ಸೆಂಟರ್ ಅಣ್ಣ ಎನ್ನತೊಡಗಿದರು. ಎಲ್ಲರ ಮನೆಗೂ ಇಂಟರ್ನೆಟ್ ಬಂದ ಮೇಲೆ ಮುಂಭಾಗ ಝೆರಾಕ್ಸ್ ಅಂಗಡಿಯಾಯಿತು. ಹಿಂಭಾಗ ಮಾತ್ರ ಬದಲಾಗಲಿಲ್ಲ. ಒಂದು ಹಸಿರು ಪರದೆ, ಪರದೆಯ ಆಚೆ ಗೋಡೆಗುಂಟ ಹತ್ತು ಹಳೆಯ ಕಂಪ್ಯೂಟರ್. ಆ ಹತ್ತರಲ್ಲೂ ಒಂದೇ ಆಟ.

ಆಟವೆಂದರೆ ಗುಂಡು ಹೊಡೆಯುವ ಆಟ. ಪರದೆಯ ಮೇಲೆ ಕಾಣುವುದು ನಮ್ಮದೇ ಕೈ, ಕೈಯಲ್ಲಿ ಬಂದೂಕು, ಎದುರಿಗೆ ಮರಳು ಬಣ್ಣದ ಗೋಡೆಗಳ, ಮರದ ದೊಡ್ಡ ಬಾಗಿಲುಗಳ ಒಂದು ಖಾಲಿ ಊರು. ಐದು ಜನ ಈ ಕಡೆ, ಐದು ಜನ ಆ ಕಡೆ. ಗುಂಡು ತಗುಲಿದವನು ಆ ರೌಂಡ್ ಮುಗಿಯುವ ತನಕ ಸುಮ್ಮನೆ ಕೂತು ಉಳಿದವರು ಆಡುವುದನ್ನು ನೋಡಬೇಕು. ಒಂದು ಕಡೆಯವರು ಪೂರ್ತಿ ಔಟಾದರೆ, ಇಲ್ಲವೇ ಗಡಿಯಾರದ ಹೊತ್ತು ಮುಗಿದರೆ, ರೌಂಡ್ ಮುಗಿಯಿತು. ಸತ್ತವರೆಲ್ಲ ಎದ್ದು ಮೊದಲಿನ ಜಾಗದಲ್ಲಿ ನಿಂತಿರುತ್ತಾರೆ. ಇದನ್ನೆಲ್ಲ ನನಗೆ ವಿವರಿಸಿದವರು ಅವರೇ, ಒಂದು ಆಧಾರ್ ಕಾರ್ಡ್ ಝೆರಾಕ್ಸ್ ಮಾಡುವಷ್ಟು ಹೊತ್ತಿನಲ್ಲಿ.

ಅವರ ಸೆಂಟರಿನಲ್ಲಿ ಕೆಟ್ಟ ಮಾತು ಆಡುವಂತಿರಲಿಲ್ಲ. "ಮೇಲೆ ಅಕ್ಕ ಇದಾರೆ, ಕೇಳಿಸ್ಕೊಳ್ತಾರೆ. ಬೈಯ್ಲೇಬೇಕು ಅಂದ್ರೆ ತರಕಾರಿ ಹೆಸ್ರಲ್ಲಿ ಬೈರಿ" ಎಂದು ಕಟ್ಟುನಿಟ್ಟು ಮಾಡಿದ್ದರು. ಅವರು ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ಆದರೂ ಹುಡುಗರು ಕರೆಯುವುದನ್ನು ಕೇಳಿ ಕೇಳಿ ಅವರಿಗೂ ನಾನು ಅಕ್ಕನೇ ಆಗಿದ್ದೆ. ಭಾನುವಾರ ಮಧ್ಯಾಹ್ನ ನಾವು ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಕೆಳಗಿನಿಂದ ಶುರುವಾಗುತ್ತಿತ್ತು. "ಲೋ ಹೀರೇಕಾಯಿ, ಹಿಂದೆ ನೋಡೋ!" "ಎಂಥಾ ಬದನೆಕಾಯಿ ಕಣೋ ನೀನು, ನನಗೇ ಹೊಡೀತೀಯಲ್ಲ!" ನಮ್ಮ ಯಜಮಾನರು ಮಗ್ಗುಲು ಬದಲಿಸಿ, "ಮಾರ್ಕೆಟ್ ಓಪನ್ ಆಯ್ತು ನೋಡು" ಎನ್ನುತ್ತಿದ್ದರು.

ಸೆಂಟರ್ ಅಣ್ಣನೂ ಆಡುತ್ತಿದ್ದರು, ಚೆನ್ನಾಗಿಯೇ. ಆಟದಲ್ಲಿ ಅವರ ಹೆಸರು ಬರೀ ‘ಅಣ್ಣ’. ಹುಡುಗರು ಅವರಿಗೆ ಗುಂಡು ಹೊಡೆದು ಕೆಡವಿದ ಮೇಲೂ "ಅಣ್ಣ ಹೋದ್ರು!" ಎಂದೇ ಕೂಗುತ್ತಿದ್ದರು. ಸಾಯಿಸಿದರೂ ಮರ್ಯಾದೆ ಬಿಟ್ಟವರಲ್ಲ.

ಆ ಹುಡುಗರಲ್ಲಿ ನನ್ನ ತಮ್ಮನೂ ಒಬ್ಬ. ಅಮ್ಮ ತೀರಿಕೊಂಡ ಮೇಲೆ ಪಿಯುಸಿ ಓದಲು ನಮ್ಮ ಮನೆಗೆ ಬಂದವನು, ಓದು ಮುಗಿದು ಕೆಲಸ ಸಿಕ್ಕ ಮೇಲೂ ನಮ್ಮಲ್ಲೇ ಇದ್ದ. ಡಬ್ಬಿಯಿಂದ ಚಕ್ಕುಲಿ ಕದ್ದು ಜೇಬಿಗೆ ತುಂಬಿಕೊಂಡು ಕೆಳಗಿಳಿಯುತ್ತಿದ್ದ. ಹಾಗಾಗಿ ಕೆಳಗೆ ಅವನ ಹೆಸರು ಚಕ್ಲಿ. ಆಟ ಮಾತ್ರ ಅವನಿಗೆ ಸ್ವಲ್ಪವೂ ಬರುತ್ತಿರಲಿಲ್ಲ. ಪ್ರತಿ ರೌಂಡಿನಲ್ಲೂ ಮೊದಲು ಸಾಯುವವನು ಅವನೇ. ಮೇಲೆ ಕೂತ ನನಗೂ ಅದು ಕೇಳುತ್ತಿತ್ತು. ಆಟ ಶುರುವಾಗಿ ನಾನು ಒಂದು ಬೀನ್ಸ್ ಕಾಯಿಯ ನಾರು ತೆಗೆಯುವಷ್ಟರಲ್ಲಿ "ಚಕ್ಲಿ ಹೋದ!" ಎಂಬ ಕೂಗು, ಹಿಂದೆಯೇ ಎಲ್ಲರ ನಗು. ಸತ್ತ ಮೇಲೆ ಅವನಿಗೆ ಸಡಗರ. ಬೇರೆಯವರ ಬೆನ್ನ ಹಿಂದೆ ನಿಂತು ಕರಕರ ಅಗಿಯುತ್ತಾ "ಅಲ್ಲಿ ಹೋಗೋ, ಇಲ್ಲಿ ಬಾರೋ" ಎಂದು ಸಲಹೆ ಕೊಡುವುದು. "ನೀನು ಇರೋದ್ಕಿಂತ ಸತ್ತ್ಮೇಲೇ ಜಾಸ್ತಿ ಕಾಟ ಕೊಡ್ತೀಯ ಕಣೋ" ಎಂದು ಸೆಂಟರ್ ಅಣ್ಣ ಒಮ್ಮೆ ಬೈದದ್ದು ನನ್ನ ಕಿವಿಗೇ ಬಿದ್ದಿತ್ತು. ಆಗ ನಾನೂ ನಕ್ಕಿದ್ದೆ.

ತಮ್ಮನಿಗೆ ಬಂದದ್ದು ಡೆಂಗ್ಯೂ ಎಂದರು. ಒಂದು ವಾರವೂ ಆಗಿರಲಿಲ್ಲ ಜ್ವರ ಬಂದು. ಅವನನ್ನು ಮಣ್ಣು ಮಾಡಿ ಬಂದ ದಿನ ಸೆಂಟರ್ ಅಣ್ಣ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಒಳಗೂ ಬರದೆ, ಮನೆಗೂ ಹೋಗದೆ, ತನ್ನ ಎರಡು ಕೈಗಳನ್ನೂ ಮಂಡಿಯ ಮೇಲೆ ಮಗುಚಿಟ್ಟುಕೊಂಡು ನೆಲ ನೋಡುತ್ತಿದ್ದರು. ಹಿಂಭಾಗದ ಪರದೆ ಬಹಳ ದಿನ ಮುಚ್ಚಿಯೇ ಇತ್ತು. ಭಾನುವಾರ ಮಧ್ಯಾಹ್ನಗಳು ಎಷ್ಟು ಉದ್ದ ಎಂದು ನನಗೆ ಆಗ ಗೊತ್ತಾಯಿತು.

ಮತ್ತೆ ಯಾವತ್ತು ಆಟ ಶುರುವಾಯಿತೋ, ನನ್ನ ಗಮನಕ್ಕೆ ಬಂದಿರಲಿಲ್ಲ. ಒಂದು ಭಾನುವಾರ ಅಕ್ಕಿ ಆರಿಸುತ್ತಾ ಕೂತಿದ್ದೆ. ಕೆಳಗಿನಿಂದ ಯಾರೋ ಜೋರಾಗಿ, "ಚಕ್ಲಿ, ಎಡಗಡೆ ಹೋಗ್ತಾ ಇದಾನೆ!" ಎಂದರು.

ಮೊರ ಮಡಿಲಲ್ಲೇ ಇತ್ತು. ನನ್ನ ಕೈ ಅಕ್ಕಿಯ ಮೇಲೇ ನಿಂತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಚಕ್ಲಿ ನನ್ನ ಹಿಂದೇನೇ ಇದಾನೆ ಕಣೋ." ಬೇರೆ ಯಾವನೋ ಹುಡುಗನಿಗೆ ಅದೇ ಹೆಸರಿಟ್ಟಿರಬಹುದು ಎಂದುಕೊಂಡೆ. ಹಾಗೆ ಅಂದುಕೊಂಡಾಗ ಸಮಾಧಾನವಾಗುವ ಬದಲು ಸಿಟ್ಟು ಬಂತು. ಯಾವುದೋ ಹಳೆಯ ರಸೀದಿ ಹಿಡಿದುಕೊಂಡು, ಝೆರಾಕ್ಸ್ ಬೇಕೆಂಬ ನೆವದಲ್ಲಿ ಕೆಳಗಿಳಿದೆ.

ಪರದೆ ಸರಿಸಿ ನೋಡಿದೆ. ನನ್ನ ತಮ್ಮ ಕೂರುತ್ತಿದ್ದ ಮೂಲೆಯ ಕುರ್ಚಿ ಖಾಲಿ ಇತ್ತು. ಅದರ ಮುಂದಿನ ಕಂಪ್ಯೂಟರ್ ಆರಿತ್ತು. ಆದರೆ ಉಳಿದವರ ಪರದೆಗಳ ಮೂಲೆಯಲ್ಲಿ ಹೆಸರುಗಳ ಪಟ್ಟಿಯಲ್ಲಿ ಇತ್ತು: ಚಕ್ಲಿ.

ಸೆಂಟರ್ ಅಣ್ಣ ನನ್ನನ್ನು ಹೊರಗೆ ಕರೆತಂದು ಸ್ಟೂಲ್ ಹಾಕಿದರು. "ಹತ್ತು ಜನ ಇರ್ಬೇಕು ಅಕ್ಕ. ಒಬ್ಬ ಕಮ್ಮಿ ಆದ್ರೆ ಮಿಷೀನೇ ಒಬ್ಬ ಆಟಗಾರನ್ನ ಕೊಡುತ್ತೆ. ಬಾಟ್ ಅಂತಾರೆ. ತಾನೇ ಓಡಾಡ್ಕೊಂಡು ತಾನೇ ಆಡುತ್ತೆ. ಅದಕ್ಕೆ ಒಂದು ಹೆಸ್ರು ಬೇಕು. ಅದರಲ್ಲಿರೋದೆಲ್ಲ ಯಾವ್ಯಾವ್ದೋ ದೇಶದ ಹೆಸ್ರುಗಳು. ಅವನ ಜಾಗಕ್ಕೆ ಬೇರೆ ಯಾರದೋ ಹೆಸ್ರು ಹಾಕೋಕೆ ನನ್ ಕೈಲಿ ಆಗ್ಲಿಲ್ಲ." ನಿಂತು ಬ್ರಷ್ಷಿನ ಕೂದಲು ಸರಿಮಾಡುತ್ತಾ, "ಬೇಡ ಅನ್ನಿ, ಈಗ್ಲೇ ತೆಗೀತೀನಿ" ಎಂದರು.

ನಾನು ಬೇಡ ಅನ್ನಲಿಲ್ಲ. ಬೇಕು ಎಂದೂ ಹೇಳಲಿಲ್ಲ. ರಸೀದಿಯ ಝೆರಾಕ್ಸ್ ಹಿಡಿದುಕೊಂಡು ಮೇಲೆ ಬಂದೆ.

ನಾನು ಓದಿದ ಕಾನ್ವೆಂಟಿನಲ್ಲಿ ನವೆಂಬರ್ ತಿಂಗಳಲ್ಲಿ ಒಂದು ಸಂಜೆ ತೀರಿಕೊಂಡವರ ಹೆಸರುಗಳನ್ನು ಚಾಪೆಲಿನಲ್ಲಿ ಒಂದೊಂದಾಗಿ ಓದುತ್ತಿದ್ದರು. ಹಾಸ್ಟೆಲಿನ ನಾವು ಹಿಂದೂ ಹುಡುಗಿಯರು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆವು. ಪ್ರತಿ ಹೆಸರು ಓದಿದ ಮೇಲೆ ಸಿಸ್ಟರ್ ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಆ ಹೆಸರಿನವರು ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಾರೆ ಎನ್ನಿಸಿ ನಾನು ತಿರುಗಿ ನೋಡುತ್ತಿದ್ದೆ. ತಮ್ಮನ ಹೆಸರು ಕೇಳಿದ ಮೇಲೆ ನನ್ನ ಭಾನುವಾರಗಳು ಹಾಗಾದವು. ಕೆಳಗೆ ಅವನ ಹೆಸರು ಕೂಗಿದಾಗಲೆಲ್ಲ ನಾನು ಮೆಟ್ಟಿಲ ಕಡೆ ತಿರುಗುತ್ತಿದ್ದೆ. ಅವನು ಸತ್ತಿದ್ದಾನೆಂದು ಗೊತ್ತಿದ್ದೂ ಮನಸ್ಸು ಚಕ್ಕುಲಿ ಡಬ್ಬಿಯ ಮುಚ್ಚಳದ ಸದ್ದಿಗೆ ಕಾಯುತ್ತಿತ್ತು. ಭಯವೂ ಆಗುತ್ತಿತ್ತು, ಅದು ಬೇಕೂ ಅನ್ನಿಸುತ್ತಿತ್ತು.

ಹೀಗೆ ಕಿವಿಗೊಟ್ಟು ಕೂತವಳಿಗೆ ನಿಧಾನವಾಗಿ ಇನ್ನೊಂದು ವಿಷಯ ಗೊತ್ತಾಯಿತು. ಎಲ್ಲರ ಹೆಸರೂ ಹೋಗುತ್ತಿತ್ತು. ಹೀರೇಕಾಯಿ ಹೋಗುತ್ತಿದ್ದ, ಅಣ್ಣ ಹೋಗುತ್ತಿದ್ದರು. "ಚಕ್ಲಿ ಹೋದ" ಎಂಬ ಮಾತು ಮಾತ್ರ ಕೇಳುತ್ತಲೇ ಇರಲಿಲ್ಲ. ಪ್ರತಿ ರೌಂಡಿನ ಕೊನೆಗೆ ಗಲಾಟೆಯೆಲ್ಲ ನಿಂತು, ಒಂದು ದೀರ್ಘ ಮೌನ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಯಾರೋ ಉಸಿರು ಬಿಟ್ಟಂತೆ ಕುರ್ಚಿಗಳು ಸರಿಯುತ್ತಿದ್ದವು, ಮುಂದಿನ ರೌಂಡ್ ಶುರುವಾಗುತ್ತಿತ್ತು. ಹಿಂದೆ ಆ ಮೌನ ಇರಲಿಲ್ಲ.

ಒಂದು ದಿನ ಸೆಂಟರ್ ಅಣ್ಣ ಮೇಲೆ ಬಂದರು. ಬಾಡಿಗೆ ಕೊಡಲು ಬಂದಾಗಲೂ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದ ಮನುಷ್ಯ ಅವತ್ತು ಒಳಗೆ ಬಂದು ಕೂತು, ಕೊಟ್ಟ ಕಾಫಿಯನ್ನು ಆರಿಸುತ್ತಾ ಆರಿಸುತ್ತಾ ಕೆನೆ ಕಟ್ಟುವ ತನಕ ಹಿಡಿದುಕೊಂಡಿದ್ದರು. ನಮ್ಮ ಯಜಮಾನರೇ "ಏನು ವಿಷ್ಯ?" ಎಂದರು.

"ಅಕ್ಕನ್ನ ಒಂದು ಮಾತು ಕೇಳ್ಬೇಕಿತ್ತು ಸಾರ್." ನನ್ನ ಕಡೆ ತಿರುಗಿದರು. "ಅಕ್ಕ, ನಿಮ್ ತಮ್ಮನ್ನ ನಾವು ಹೊಡೀಬಹುದಾ?"

ಯಜಮಾನರು ಲೋಟ ಕೆಳಗಿಟ್ಟರು. "ಏನ್ರೀ ಮಾತು ಇದು?"

"ತಪ್ಪು ತಿಳ್ಕೋಬೇಡಿ ಸಾರ್. ಹುಡುಗ್ರು ಅವನನ್ನ ಹೊಡೀತಾ ಇಲ್ಲ. ಯಾರೂ ಹೇಳ್ಕೊಟ್ಟಿಲ್ಲ, ಅವರವರೇ ಬಿಟ್ಬಿಟ್ರು. ‘ಚಕ್ಲಿ ಹೋದ’ ಅಂತ ಕೂಗಿದ್ರೆ ಮೇಲೆ ಅಕ್ಕನಿಗೆ ಕೇಳಿಸುತ್ತಲ್ಲ ಅಂತ. ನಾನೂ ಸುಮ್ನಿದ್ದೆ. ಈಗ ಏನಾಗಿದೆ ಅಂದ್ರೆ, ಎಲ್ಲರೂ ಔಟಾದ್ಮೇಲೆ ಅವನೊಬ್ಬ ಉಳ್ಕೋತಾನೆ. ಆ ಕಡೆ ಉಳಿದಿರೋ ಒಬ್ಬನೋ ಇಬ್ಬರೋ ಎಲ್ಲಾದ್ರೂ ಮೂಲೇಲಿ ಬಚ್ಚಿಟ್ಕೋತಾರೆ, ಟೈಮ್ ಮುಗೀಲಿ ಅಂತ. ಮಿಷೀನಿಗೇನು ಗೊತ್ತು ಅಕ್ಕ? ಅದು ಹುಡುಕುತ್ತೆ. ಒಂದೊಂದು ಬಾಗಿಲಿಗೂ ಹೋಗುತ್ತೆ, ಇಣುಕುತ್ತೆ, ವಾಪಸ್ ಬರುತ್ತೆ. ಅವನು ಹುಡುಕ್ತಾನೆ, ಇವರು ಅಡಗಿರ್ತಾರೆ. ನಾವೆಲ್ಲ ಕೂತ್ಕೊಂಡು ಅದನ್ನ ನೋಡ್ತೀವಿ." ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನಿಮ್ ತಮ್ಮ ಒಂದು ದಿನಾನೂ ಕೊನೇವರ್ಗೂ ಉಳಿದವನಲ್ಲ. ಎಲ್ಲರಿಗಿಂತ ಮೊದ್ಲು ಸತ್ತು, ಎಲ್ಲರ ಜೊತೆ ನಿಂತ್ಕೊಂಡು ಚಕ್ಲಿ ತಿಂತಿದ್ದ. ಈಗ ವಾರವಾರ ಒಬ್ಬನೇ ಆಗ್ತಾನೆ. ನೋಡೋಕೆ ಆಗಲ್ಲ ಅಕ್ಕ."

"ಹಾಗಾದ್ರೆ ಆ ಹೆಸರೇ ತೆಗೆದುಬಿಡಿ" ಎಂದರು ನಮ್ಮ ಯಜಮಾನರು. ಒಳ್ಳೆಯ ಮಾತೇ ಅದು.

"ತೆಗೀಬಹುದು ಸಾರ್." ಅಷ್ಟೇ ಹೇಳಿ ಅವರು ನನ್ನ ಮುಖ ನೋಡಿದರು.

ತೆಗೆದರೆ ಈ ಲೋಕದಲ್ಲಿ ನನ್ನ ತಮ್ಮನ ಹೆಸರನ್ನು ಗಟ್ಟಿಯಾಗಿ ಕರೆಯುವ ಒಂದೇ ಒಂದು ಜಾಗವೂ ಉಳಿಯುವುದಿಲ್ಲ. ನಮ್ಮ ಮನೆಯಲ್ಲೇ ಅವನ ಹೆಸರು ಬಂದರೆ ಎಲ್ಲರೂ ದನಿ ತಗ್ಗಿಸುತ್ತಿದ್ದೆವು. ಹೊಡೆಯಿರಿ ಎಂದರೆ, ಅಕ್ಕನಾಗಿ ನನ್ನ ಬಾಯಿಂದ ಆ ಮಾತು. ಯೋಚಿಸಿ ಹೇಳುತ್ತೇನೆ ಎಂದೆ. ಅವರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ತಾವೇ ಸಿಂಕಿನಲ್ಲಿಟ್ಟು ಹೋದರು.

ಮುಂದಿನ ಭಾನುವಾರ ನಾನೇ ಕೆಳಗೆ ಹೋದೆ. ಕೈಯಲ್ಲಿ ಝೆರಾಕ್ಸ್ ಮಾಡಿಸುವ ಕಾಗದ ಏನೂ ಇರಲಿಲ್ಲ. ಸೆಂಟರ್ ಅಣ್ಣ ಏನೂ ಕೇಳದೆ ತಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸಿದರು. ಆ ರೌಂಡಿನಲ್ಲಿ ಅವರು ಬೇಗ ಔಟಾದರು. ಔಟಾದವನು ಇನ್ನೂ ಆಡುತ್ತಿರುವವರ ಕಣ್ಣಿನಿಂದ ಆಟ ನೋಡಬಹುದಂತೆ. ಅವರು ಒಂದು ಗುಂಡಿ ಒತ್ತಿದರು. ಪರದೆಯ ಕೆಳಗೆ ನನ್ನ ತಮ್ಮನ ಹೆಸರು ಮೂಡಿತು.

ನಾನು ಅವನ ಕಣ್ಣಿನಿಂದ ಆ ಊರನ್ನು ನೋಡಿದೆ. ಬಿಸಿಲು ಬಿದ್ದ ಗೋಡೆಗಳು. ಯಾರೂ ಇಲ್ಲದ ಒಂದು ಓಣಿ. ಓಣಿಯ ಕೊನೆಗೆ ಮರದ ಬಾಗಿಲು. ಅವನು ಬಾಗಿಲ ಬಳಿ ನಿಂತ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೆಟ್ಟಿಲು ಹತ್ತಿ ಇನ್ನೊಂದು ಕಡೆ ಹೋದ. ಅಲ್ಲೂ ಯಾರೂ ಇಲ್ಲ. ತಿರುಗಿ ಬಂದ ದಾರಿಯಲ್ಲೇ ಓಡಿದ. ನನ್ನ ಪಕ್ಕದ ಕುರ್ಚಿಯಲ್ಲಿ ವಿಜಯನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹುಡುಗ, ಡಿಗ್ರಿಯಲ್ಲಿ ಅವನ ಜೊತೆ ಓದಿದವನು, ತನ್ನ ಬೊಂಬೆಯನ್ನು ಪೆಟ್ಟಿಗೆಗಳ ಹಿಂದೆ ಅಡಗಿಸಿ, ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಎಲ್ಲರೂ ಸುಮ್ಮನಿದ್ದರು. ಆ ಮೌನ ಮೇಲೆ ಕೇಳುತ್ತಿದ್ದುದಕ್ಕಿಂತ ಇಲ್ಲಿ ಇನ್ನೂ ಭಾರವಾಗಿತ್ತು. ನನ್ನ ತಮ್ಮ ತನ್ನ ಗೆಳೆಯರನ್ನು ಹುಡುಕುತ್ತಾ ಮನೆಮನೆಯ ಬಾಗಿಲಿಗೆ ಹೋಗುತ್ತಿದ್ದ. ಗೆಳೆಯರೆಲ್ಲ ಇಲ್ಲೇ ಕೂತಿದ್ದರು.

ಅದು ಯಂತ್ರ ಎಂದು ನನಗೆ ಗೊತ್ತಿತ್ತು. ಆದರೂ ನನ್ನಿಂದ ಕೂರಲಾಗಲಿಲ್ಲ.

"ಅವನಿಗೆ ಕಾಣಿಸ್ಕೋ ಪುಟ್ಟ" ಎಂದೆ, ಆ ಮೊಬೈಲ್ ಅಂಗಡಿಯ ಹುಡುಗನಿಗೆ. "ಹುಡುಕ್ತಾ ಇದಾನಲ್ಲ."

ಅವನು ಸೆಂಟರ್ ಅಣ್ಣನ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಪೆಟ್ಟಿಗೆಗಳ ಹಿಂದಿನಿಂದ ಹೊರಗೆ ಬಂದ. ಓಣಿಯ ಆ ತುದಿಯಲ್ಲಿ ನನ್ನ ತಮ್ಮ ತಿರುಗಿದ. ಒಂದು ಗಳಿಗೆ ಇಬ್ಬರೂ ಎದುರುಬದುರಾದರು. ಯಂತ್ರದ ಗುಂಡು ಗೋಡೆಗೆ ತಗುಲಿತು. ಗುರಿಯನ್ನು ಅಷ್ಟು ಕೆಟ್ಟದಾಗಿ ಹೊಂದಿಸಿದವರು ಸೆಂಟರ್ ಅಣ್ಣನೇ, ಥೇಟ್ ಅವನದೇ ಥರ ಇರಲೆಂದು. ಮರುಗಳಿಗೆ ಹುಡುಗ ಹೊಡೆದ.

ಯಾರೂ ಕೂಗಲಿಲ್ಲ. ಹುಡುಗ ಕೀಬೋರ್ಡಿನ ಮೇಲೆ ಹಣೆ ಇಟ್ಟು ಅಳತೊಡಗಿದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಸೆಂಟರ್ ಅಣ್ಣ ಕುರ್ಚಿಯಿಂದ ಎದ್ದು ನಿಂತು, ಹೆಡ್‌ಫೋನ್ ಕತ್ತಿಗೆ ಜಾರಿಸಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು: "ಚಕ್ಲಿ ಹೋದ!"

ಅಷ್ಟರಲ್ಲಿ ಹೊಸ ರೌಂಡ್ ಶುರುವಾಯಿತು. ಮೊದಲಿನ ಜಾಗದಲ್ಲಿ ಎಲ್ಲರೂ ಒಟ್ಟಿಗೆ ನಿಂತಿದ್ದರು. ಚಕ್ಲಿ ಮಧ್ಯದಲ್ಲಿದ್ದ.

ಆಮೇಲಿನ ಭಾನುವಾರಗಳಲ್ಲಿ ಅವನು ಮೊದಲಿನಂತೆಯೇ ಬೇಗ ಬೇಗ ಸಾಯತೊಡಗಿದ. ನಾನು ಬೀನ್ಸ್ ಸೋಸುತ್ತಾ ಕೇಳುತ್ತಿದ್ದೆ. ಮೊದಮೊದಲು ಆ ಕೂಗಿಗೆ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದುಕೊಂಡಿರುತ್ತಿದ್ದೆ. ಮುಂದಿನ ರೌಂಡಿನಲ್ಲಿ ಮತ್ತೆ ಅವನ ಹೆಸರು ಬಂದಾಗ ಅದರ ನಾರು ಎಳೆಯುತ್ತಿದ್ದೆ. ಹಬ್ಬಕ್ಕೆ ಚಕ್ಕುಲಿ ಕರಿದಾಗ ಒಂದು ಡಬ್ಬಿ ಕೆಳಗೆ ಕೊಟ್ಟು ಬರುವುದನ್ನು ಮತ್ತೆ ಶುರುಮಾಡಿದೆ.

ಈ ಹಳೇ ಆಟದಲ್ಲಿ ಅಂಥದ್ದೇನಿದೆ ಎಂದು ಒಮ್ಮೆ ಅವರನ್ನೇ ಕೇಳಿದ್ದೆ. ಈಗ ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ, ಅದರಲ್ಲಿ ಕಣ್ಣು ಕೋರೈಸುವ ಆಟಗಳಿವೆ. ಲಗ್ಗೆರೆಯಿಂದ, ಕೆಂಗೇರಿಯಿಂದ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸಿಕೊಂಡು ಬಂದು, ಮರದ ಕುರ್ಚಿಯಲ್ಲಿ ಕೂತು, ಮಸುಕು ಪರದೆಯಲ್ಲಿ ಅದೇ ಓಣಿ ಅದೇ ಬಾಗಿಲು ನೋಡುವುದೇಕೆ?

ಅವರು ಝೆರಾಕ್ಸ್ ಯಂತ್ರದ ಮುಚ್ಚಳ ಮುಚ್ಚಿ ಅದರ ಮೇಲೆ ಮೊಣಕೈ ಊರಿದರು. "ಹೊಸ ಆಟದಲ್ಲಿ ವಾರಕ್ಕೊಂದು ಹೊಸ ಊರು ಕೊಡ್ತಾರೆ ಅಕ್ಕ. ಊರು ನೋಡೋದ್ರಲ್ಲೇ ಆಗೋಗುತ್ತೆ. ಇದರಲ್ಲಿ ನೋಡೋಕೆ ಏನೂ ಉಳಿದಿಲ್ಲ. ಗೋಡೆ ಎಲ್ಲಿದೆ, ಕಿಟಕಿ ಎಲ್ಲಿದೆ, ಕಣ್ಣು ಮುಚ್ಕೊಂಡು ಹೇಳ್ತಾರೆ. ಅದಕ್ಕೇ ಇವರು ಒಬ್ಬರನ್ನೊಬ್ಬರು ನೋಡ್ತಾರೆ. ಇವನು ಇವತ್ತು ಯಾಕೋ ಮಂಕಾಗಿದಾನೆ ಅಂತ ಅವನು ಓಡೋ ರೀತೀಲೇ ಗೊತ್ತಾಗ್ಬಿಡುತ್ತೆ. ಲಗ್ಗೆರೆಯವನ ಫ್ಯಾಕ್ಟರಿ ಮುಚ್ಚಿದಾಗ ಅವನು ಬಾಯಿಬಿಟ್ಟು ಹೇಳ್ಲಿಲ್ಲ. ಬಾಗಿಲಲ್ಲಿ ಬಂದು ಸುಮ್ನೆ ನಿಂತ್ಕೊಳ್ತಾ ಇದ್ದ, ಹೊಡೀಲಿ ಅಂತ. ಆಟ ನಿಲ್ಸಿ ಹೊರಗೆ ಕರ್ಕೊಂಡೋಗಿ ಟೀ ಕುಡ್ಸಿದೆ."

ಅವರ ಮಾತಿನ ರೀತಿ ಹೀಗೆ. ದೊಡ್ಡದಾಗಿ ಏನೋ ಹೇಳಲು ಹೊರಟು ಟೀ ಕುಡಿಸಿದ್ದಕ್ಕೆ ತಂದು ನಿಲ್ಲಿಸುತ್ತಿದ್ದರು. ನಾನು ಅವರಿಗೆ ಕೃತಜ್ಞತೆ ಹೇಳಲೇ ಇಲ್ಲ. ಹೇಳಿದ್ದರೆ ಅವರಿಗೆ ಏನು ಮಾಡಬೇಕೋ ತಿಳಿಯದೆ ಬ್ರಷ್ ಕೈಗೆತ್ತಿಕೊಳ್ಳುತ್ತಿದ್ದರೇನೋ. ಮಣ್ಣಿಗೆ ಕೊಟ್ಟು ಬಂದ ಮೇಲೆ ನಮ್ಮವರಿಗೆ ನಾವು ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ, ಕಾಗೆಗೆ ಕಾಯುತ್ತೇವೆ. ನನ್ನ ತಮ್ಮನಿಗೆ ಈ ಮನುಷ್ಯ ವಾರವಾರ ಒಂದು ಕುರ್ಚಿ ಹಾಕಿಟ್ಟರು, ಬೈಸಿದರು, ನಗಿಸಿದರು. ಆ ಋಣ ನನ್ನ ಮೇಲಿದೆ.

ಸೆಂಟರ್ ಅಣ್ಣ ತೀರಿಕೊಂಡ ಆ ಭಾನುವಾರ ನಾವಿಬ್ಬರೂ ಅವರ ಮನೆಗೆ ಹೋಗಿ, ಅವರ ಹೆಂಡತಿಯ ಪಕ್ಕ ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನ ಮನೆಗೆ ಬಂದು ಸ್ನಾನ ಮಾಡಿದೆವು. ಸಂಜೆ ಐದರ ಸುಮಾರಿಗೆ ಬಾಗಿಲು ತಟ್ಟಿದರು. ಹುಡುಗರು. ಎಲ್ಲರ ತಲೆಯೂ ಒದ್ದೆ. ಚಿತಾಗಾರದಿಂದ ನೇರ ಯಾರದೋ ಮನೆ ನಲ್ಲಿಯಲ್ಲಿ ಮಿಂದು ಬಂದಂತಿತ್ತು.

"ಅಕ್ಕ, ಸೆಂಟರಿಂದು ಇನ್ನೊಂದು ಕೀ ನಿಮ್ಹತ್ರ ಇದೆ ಅಲ್ವಾ?" ಎಂದ ಮೊಬೈಲ್ ಅಂಗಡಿಯವನು.

"ಇವತ್ತೇನಾ?" ಎಂದರು ನಮ್ಮ ಯಜಮಾನರು.

ಲಗ್ಗೆರೆಯವನು ಹೇಳಿದ. "ಎಲ್ಲಿಗೆ ಹೋಗೋದು ಸಾರ್? ಅಣ್ಣನ ಮನೇಲಿ ನೆಂಟರು ತುಂಬಿದಾರೆ, ನಾವು ಯಾರು ಅಂತಾನೇ ಅವರಿಗೆ ಗೊತ್ತಿಲ್ಲ. ನಮ್ಮನೆಗಳಲ್ಲಿ ಅಣ್ಣ ಯಾರು ಅಂತ ಗೊತ್ತಿಲ್ಲ. ಮನೆಗೋದ್ರೆ ಟೀವಿ ನೋಡ್ತಾ ಕೂತ್ಕೋಬೇಕು."

ಯಜಮಾನರೇ ಒಳಗೆ ಹೋಗಿ ಕೀ ತಂದುಕೊಟ್ಟರು.

ಹುಡುಗರು ಮೆಟ್ಟಿಲಿಳಿಯಲಿಲ್ಲ. "ಎಷ್ಟು ಜನ ಇದೀರಿ?" ಎಂದೆ.

"ಎಂಟು ಜನ ಅಕ್ಕ. ಒಬ್ಬ ಚಕ್ಲಿ." ಮೊಬೈಲ್ ಅಂಗಡಿಯವನು ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ ಗೋಡೆ ನೋಡಿದ. "ಇನ್ನೊಂದು ಜಾಗ ಇದೆ. ಅಲ್ಲಿಗೆ... ಹೆಸ್ರು ಹಾಕೋದು ನಂಗೆ ಹೇಳ್ಕೊಟ್ಟಿದಾರೆ. ಅತ್ತಿಗೇನ ಕೇಳ್ದೆ. ‘ಮೇಲಿನ ಮನೆ ಅಕ್ಕನ್ನ ಕೇಳು’ ಅಂದ್ರು."

ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ನಿಂತು ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಹಾಕಿ" ಎಂದೆ. "ಆದ್ರೆ ಮರ್ಯಾದೆ ಅಂತ ಹೊಡೀದೆ ಬಿಟ್ಬಿಡಬೇಡಿ."

ನಾನು ಬಟ್ಟೆ ತೆಗೆಯಲು ತಾರಸಿಗೆ ಹೋದೆ. ಕೆಳಗೆ ಶಟರ್ ಏರಿತು. ಆಮೇಲೆ ಒಂದೊಂದೇ ದನಿ, ಮೊದಲು ತಗ್ಗಿ, ಆಮೇಲೆ ಎಂದಿನಂತೆ. ಚಕ್ಲಿ ಹೋದ. ಹೀರೇಕಾಯಿ ಹೋದ. ಮತ್ತೊಬ್ಬ, ಮತ್ತೊಬ್ಬ. ನಂತರ ಎಲ್ಲ ಸುಮ್ಮನಾದರು. ಫ್ಯಾನಿನ ಸದ್ದು ತಾರಸಿಯ ತನಕ ಬರುವುದಿಲ್ಲ, ಆದರೂ ನನಗೆ ಕೇಳಿಸಿದಂತಾಯಿತು. ಒಂದು ಟವೆಲ್ ಹಿಡಿದುಕೊಂಡು ಹಾಗೇ ನಿಂತೆ. ಕೆಳಗೆ ಹೋಗಬೇಕೇನೋ ಎಂದುಕೊಂಡೆ. ಹೊಡೀರಪ್ಪ, ಅವರನ್ನು ಬಾಗಿಲು ಬಾಗಿಲಿಗೆ ಅಲೆಸಬೇಡಿ ಎಂದು ಬಾಯಲ್ಲೇ ಹೇಳಿಕೊಂಡೆ.

ಆಗ ಲಗ್ಗೆರೆಯವನ ದನಿ ಗಂಟಲು ಹರಿಯುವಂತೆ ಕೂಗಿತು. "ಅಣ್ಣ ಹೋದ್ರು! ಅಣ್ಣ ಹೋದ್ರು ಕಣ್ರೋ!" ಅದರ ಹಿಂದೆಯೇ ಎಲ್ಲರ ದನಿಯೂ ಎದ್ದಿತು. ನಗುತ್ತಿದ್ದರೋ ಅಳುತ್ತಿದ್ದರೋ ಮೇಲಿನಿಂದ ತಿಳಿಯುತ್ತಿರಲಿಲ್ಲ. ಕುರ್ಚಿಗಳು ಸರಿದವು. ಮತ್ತೆ ಎಲ್ಲ ಹೆಸರುಗಳೂ ಮೊದಲಿನಿಂದ ಶುರುವಾದವು.

ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಅವರ ತಾರಸಿಯಲ್ಲಿ ಕ್ಲಿಪ್ಪು ಬಿಚ್ಚುತ್ತಾ, ಕಟ್ಟೆಗೆ ಒರಗಿ ಕೆಳಗೆ ಬಗ್ಗಿ ನೋಡಿದಳು.

"ಏನಾಂಟಿ, ನಿಮ್ಮ ಕೆಳಗಡೆ ಇಷ್ಟೊಂದು ಜನ ಸೇರಿದಾರೆ? ಯಾರದಾದ್ರೂ ಬರ್ತ್‌ಡೇನಾ?" ಎಂದಳು.